ಹೊಟ್ಟೆ ಕಿರಿದಾಯಿತು, ಇನ್ನು ಮೈಗೆ ಬಲ ಬರಲಿ

"ಇಷ್ಟೆಲ್ಲ ಖರ್ಚು ಮಾಡಿ ಆಪರೇಶನ್ ಮಾಡಿಸಿದ್ದಾಯಿತು. ತೂಕವೂ ಇಳಿಯುತ್ತಿದೆ. ಇನ್ನು ಈ ಜಿಮ್ ಯಾಕಮ್ಮಾ?"

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆ ವ್ಯಾಯಾಮಕ್ಕೆ ಹೊರಟಾಗ ಮನೆಯಲ್ಲಿ ಏಳುವ ಪ್ರಶ್ನೆ ಇದು. ಕೇಳುವವರು ಅತ್ತೆಯಿರಬಹುದು, ಪತಿಯಿರಬಹುದು. ಎಷ್ಟೋ ಸಲ ಆಕೆಯ ಮನಸ್ಸೇ ಹಾಗೆ ಕೇಳುತ್ತದೆ. ಪ್ರಶ್ನೆಯಲ್ಲಿ ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ಸರಿಯಾದ ಉತ್ತರ ಸಿಗದೆ ಹೋದರೆ ಶಸ್ತ್ರಚಿಕಿತ್ಸೆಯ ಅರ್ಧ ಫಲ ಕೈತಪ್ಪಿ ಹೋಗುತ್ತದೆ. ಆದ್ದರಿಂದ ಈ ತಿಂಗಳು ಅದರ ಬಗ್ಗೆಯೇ ಮಾತನಾಡೋಣ.

ಸ್ಥೂಲಕಾಯ ಈಗ ಶ್ರೀಮಂತರ ಮನೆಯ ಸಮಸ್ಯೆಯಾಗಿ ಉಳಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರರಲ್ಲಿ ಸುಮಾರು 30 ಮಹಿಳೆಯರ ತೂಕ ಇರಬೇಕಾದುದಕ್ಕಿಂತ ಹೆಚ್ಚಿದೆ. ಅವರಲ್ಲಿ ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ತೂಕ ತೀರಾ ಹೆಚ್ಚಾಗಿ, ಅದರ ಜೊತೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿ ನೋವು, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಸೇರಿಕೊಂಡು, ಬೇರೆ ದಾರಿಗಳು ಫಲಿಸದಿದ್ದಾಗ ವೈದ್ಯರು ಇದನ್ನು ಸೂಚಿಸುತ್ತಾರೆ.

ಇಲ್ಲಿ ಒಂದು ಗೊಂದಲ ನಿವಾರಣೆಯಾಗಬೇಕು. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾಗಿ ತೀರಿಕೊಂಡರು. ಆಕೆಗೆ ಕೇವಲ 21 ವರ್ಷ. ಆ ಸುದ್ದಿ ಕೇಳಿದ ಅನೇಕರು ಎರಡನ್ನೂ ಒಂದೇ ಎಂದು ತಿಳಿದರು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಅಂದಕ್ಕಾಗಿ ಮಾಡುವ ಚಿಕಿತ್ಸೆ. ನಾವು ಹೇಳುತ್ತಿರುವುದು ಜಠರದ ಶಸ್ತ್ರಚಿಕಿತ್ಸೆ. ಒಂದು ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆಯಷ್ಟನ್ನು ಉಳಿಸುತ್ತಾರೆ. ಇನ್ನೊಂದರಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ.

ಇಳಿದದ್ದು ಕೊಬ್ಬು ಮಾತ್ರವಲ್ಲ

ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಯಾಕೆಗೆ 38 ವರ್ಷ, ಎರಡು ಮಕ್ಕಳು. ಶಸ್ತ್ರಚಿಕಿತ್ಸೆಗೆ ಮೊದಲು 104 ಕಿಲೋ ಇದ್ದ ತೂಕ ನಾಲ್ಕೈದು ತಿಂಗಳಲ್ಲಿ 80ಕ್ಕೆ ಇಳಿದಿದೆ. ನೆಂಟರೆಲ್ಲ "ಎಷ್ಟು ತೆಳ್ಳಗಾಗಿದ್ದೀರಿ" ಎನ್ನುತ್ತಿದ್ದಾರೆ. ಆದರೆ ಆಕೆಗೆ ಮಹಡಿಯ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ, ನೆಲದಲ್ಲಿ ಕುಳಿತರೆ ಕೈಯೂರದೆ ಏಳಲಾಗುವುದಿಲ್ಲ. ತೂಕ ಇಳಿದ ಮೇಲೆ ಮೈ ಹಗುರವಾಗಬೇಕಿತ್ತಲ್ಲ, ಬಲ ಎಲ್ಲಿ ಹೋಯಿತು?

ಇಳಿದ 24 ಕಿಲೋ ಅಷ್ಟೂ ಕೊಬ್ಬಲ್ಲ ಎಂಬುದೇ ಇದಕ್ಕೆ ಉತ್ತರ. ಆಹಾರ ಒಮ್ಮೆಲೇ ಕಡಿಮೆಯಾದಾಗ ದೇಹ ಕೊಬ್ಬಿನೊಂದಿಗೆ ಮಾಂಸಖಂಡವನ್ನೂ ಕರಗಿಸುತ್ತದೆ. ಇಳಿದ ತೂಕದಲ್ಲಿ ಸಾಮಾನ್ಯವಾಗಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಕೊಬ್ಬಲ್ಲದ ಅಂಶವಿರುತ್ತದೆ. ಅಂದರೆ ಈ ಸಹೋದರಿ ಕಳೆದುಕೊಂಡದ್ದರಲ್ಲಿ ಐದಾರು ಕಿಲೋ ಅದೇ. ಈ ನಷ್ಟ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಆಗುತ್ತದೆ. ಮೂಳೆಗಳ ಸಾಂದ್ರತೆಯೂ ಸ್ವಲ್ಪ ಕುಗ್ಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಿರುವವರಿಗೆ ಇದು ಚಿಕ್ಕ ಮಾತಲ್ಲ.

ಮಾಂಸಖಂಡ ನಮ್ಮನ್ನು ಎತ್ತಿ ನಿಲ್ಲಿಸುವುದಷ್ಟೇ ಅಲ್ಲ, ನಾವು ಸುಮ್ಮನೆ ಕುಳಿತಾಗಲೂ ಆಹಾರದ ಶಕ್ತಿಯನ್ನು ಉರಿಸುತ್ತಿರುತ್ತದೆ. ಅದು ಕಡಿಮೆಯಾದರೆ ಉರಿಯುವುದೂ ಕಡಿಮೆ. ಒಂದೆರಡು ವರ್ಷ ಕಳೆದು ಹಸಿವು ಮರಳಿದಾಗ ತೂಕ ಮತ್ತೆ ಏರಲು ಇದೂ ಒಂದು ಕಾರಣ. ಶಸ್ತ್ರಚಿಕಿತ್ಸೆ ಹೊಟ್ಟೆಯನ್ನು ಕಿರಿದು ಮಾಡಿತು. ಮಾಂಸಖಂಡವನ್ನು ಕಾಪಾಡುವ ಕೆಲಸವನ್ನು ಅದು ಮಾಡಲಾರದು. ವ್ಯಾಯಾಮ ಬೇಕಾಗಿರುವುದು ಅದಕ್ಕೆ. ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲು ನಡಿಗೆ, ನಂತರ ಜಿಮ್

ಅವಸರ ಬೇಡ. ಶಸ್ತ್ರಚಿಕಿತ್ಸೆಯ ದಿನವೋ ಮರುದಿನವೋ ಆಸ್ಪತ್ರೆಯಲ್ಲೇ ನಿಮ್ಮನ್ನು ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂಬುದು ಅದರ ಉದ್ದೇಶ. ಮನೆಗೆ ಬಂದ ಮೇಲೆ ಮೊದಲ ಎರಡು ವಾರ ಒಂದೊಂದು ಸಲಕ್ಕೆ ಐದು ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ ನಡೆದರೆ ಸಾಕು. ನಂತರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಆರನೇ ವಾರದ ಹೊತ್ತಿಗೆ ಅರ್ಧ ಗಂಟೆಗೆ ಬನ್ನಿ.

ಈ ಅವಧಿಯಲ್ಲಿ ಐದು ಕಿಲೋಗಿಂತ ಭಾರವಾದುದನ್ನು ಎತ್ತಬಾರದು. ಹೊಟ್ಟೆಯ ಗಾಯ ಒಳಗಿನಿಂದ ಇನ್ನೂ ಮಾಗಿರುವುದಿಲ್ಲ. ಭಾರ ಎತ್ತಿದರೆ ಅಲ್ಲಿ ಹರ್ನಿಯಾ ಆಗುವ ಭಯವಿದೆ. ಐದು ಕಿಲೋ ಎಂದರೆ ಎಷ್ಟು? ತುಂಬಿದ ಕೊಡ ಅದಕ್ಕಿಂತ ಭಾರ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ನಾಲ್ಕು ಪಟ್ಟು ಭಾರ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಸೊಂಟದ ಮೇಲೆ ಕೂರಿಸಿಕೊಳ್ಳುವ ಒಂದು ವರ್ಷದ ಮಗುವೂ ಎಂಟೊಂಬತ್ತು ಕಿಲೋ. ಜಿಮ್‌ನ ಭಾರಕ್ಕೆ ಹೆದರುವ ಮನೆಯವರು ಅಡುಗೆಮನೆಯ ಭಾರವನ್ನು ಮರೆತುಬಿಡುತ್ತಾರೆ. ಆ ಕೆಲಸಗಳನ್ನು ಒಂದೂವರೆ ತಿಂಗಳ ಮಟ್ಟಿಗೆ ಬೇರೆಯವರು ವಹಿಸಿಕೊಳ್ಳಲಿ. ಮಗುವನ್ನು ನೀವು ಕುಳಿತಿರುವಾಗ ಯಾರಾದರೂ ಮಡಿಲಿಗೆ ಕೊಡಲಿ.

ಆರರಿಂದ ಎಂಟು ವಾರ ಕಳೆದ ಮೇಲೆ, ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ, ಹಗುರವಾದ ಬಲವರ್ಧಕ ವ್ಯಾಯಾಮ ಶುರು ಮಾಡಬಹುದು. ಮಲಗಿ ಎದ್ದು ಹೊಟ್ಟೆಯನ್ನು ಬಿಗಿಯುವ ವ್ಯಾಯಾಮಗಳಿಗೆ ಮೂರು ತಿಂಗಳಾದರೂ ಕಾಯುವುದು ಒಳ್ಳೆಯದು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಶಸ್ತ್ರಚಿಕಿತ್ಸೆ ಮಾಡಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ.

ಸೇರುವ ಮೊದಲು

ಜಿಮ್‌ಗೆ ಹೆಸರು ಕೊಡುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಕಬ್ಬಿಣದ ಅಂಶ, ವಿಟಮಿನ್ ಬಿ12, ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಎಷ್ಟಿದೆ ಎಂದು ತಿಳಿಯಲಿ. ಈ ಶಸ್ತ್ರಚಿಕಿತ್ಸೆಯಾದವರು ವೈದ್ಯರು ಹೇಳಿದ ವಿಟಮಿನ್ ಮಾತ್ರೆಗಳನ್ನು ಜೀವನವಿಡೀ ತೆಗೆದುಕೊಳ್ಳಬೇಕು. ಆರಾಮವಾಗಿದ್ದೇನೆಂದು ನಿಲ್ಲಿಸಿದವರು ಕೆಲ ಕಾಲದ ನಂತರ ಕೈಕಾಲು ಜೋಮು, ವಿಪರೀತ ಸುಸ್ತು ಎಂದು ಮರಳಿ ಬರುತ್ತಾರೆ. ಕ್ಯಾಪ್ಸೂಲಿನ ಹೊದಿಕೆಯ ಜೆಲಾಟಿನ್ ಬಗ್ಗೆ ಸಂಶಯವಿದ್ದರೆ ಮಾತ್ರೆಯನ್ನೇ ಬಿಡಬೇಡಿ. ಅದೇ ಔಷಧ ಗುಳಿಗೆಯ ಅಥವಾ ಸಿರಪ್ಪಿನ ರೂಪದಲ್ಲಿ ಇದೆಯೇ ಎಂದು ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುವವರು ಅದರ ಪ್ರಮಾಣವನ್ನೂ ಮತ್ತೊಮ್ಮೆ ವೈದ್ಯರಿಗೆ ತೋರಿಸಬೇಕು. ತೂಕ ಇಳಿದ ಮೇಲೆ ಹಳೆಯ ಪ್ರಮಾಣವೇ ಹೆಚ್ಚಾಗಿ, ವ್ಯಾಯಾಮದ ನಡುವೆ ತಲೆ ಸುತ್ತಿ ಬೀಳುವ ಸಂಭವವಿದೆ.

ಜಿಮ್ ಆರಿಸುವಾಗ ಮಹಿಳೆಯರಿಗೆ ಪ್ರತ್ಯೇಕ ಸಮಯವಿದೆಯೇ, ಮಹಿಳಾ ತರಬೇತುದಾರರಿದ್ದಾರೆಯೇ ಎಂದು ಹೋಗಿ ನೋಡಿಯೇ ಹಣ ಕಟ್ಟಿ. ಒಮ್ಮೆಗೇ ವರ್ಷದ ಶುಲ್ಕ ಕಟ್ಟಬೇಡಿ, ಒಂದು ತಿಂಗಳು ನೋಡಿ. ನಿಮಗೆ ಯಾವ ಶಸ್ತ್ರಚಿಕಿತ್ಸೆ ಆಗಿದೆ, ಎಂದು ಆಗಿದೆ ಎಂಬುದನ್ನು ತರಬೇತುದಾರರಿಗೆ ಸಂಕೋಚವಿಲ್ಲದೆ ಹೇಳಿ. ಅದನ್ನು ಕೇಳಿಯೂ ಎಲ್ಲರಿಗೆ ಕೊಡುವ ಪಟ್ಟಿಯನ್ನೇ ಕೊಡುವವರು, ಕೊಬ್ಬು ಕರಗಿಸುವ ಪುಡಿ ಮಾರುವವರು, ಬೆವರಿಳಿಸಲು ಹಬೆ ಕೋಣೆಗೆ ಕಳಿಸುವವರು ನಿಮಗೆ ತಕ್ಕವರಲ್ಲ. ಒಮ್ಮೆಗೇ ಹೆಚ್ಚು ನೀರು ಕುಡಿಯಲಾಗದ ನಿಮ್ಮ ದೇಹ ಬೇಗ ಒಣಗುತ್ತದೆ.

ಅಲ್ಲಿ ಏನು ಮಾಡಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮವನ್ನೂ ಎರಡು ದಿನ ಬಲವರ್ಧಕ ವ್ಯಾಯಾಮವನ್ನೂ ಸೂಚಿಸಿದೆ. ಮೊದಲ ದಿನವೇ ಅಲ್ಲಿಗೆ ತಲುಪಬೇಕೆಂದಿಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ 30ರಿಂದ 40 ನಿಮಿಷದಿಂದ ಆರಂಭಿಸಿ.

ಮೊದಲ ಐದು ನಿಮಿಷ ನಿಧಾನ ನಡಿಗೆ. ನಂತರ ಹದಿನೈದು ಇಪ್ಪತ್ತು ನಿಮಿಷ ಟ್ರೆಡ್‌ಮಿಲ್ ಅಥವಾ ನಿಂತಲ್ಲೇ ತುಳಿಯುವ ಸೈಕಲ್. ಮಂಡಿ ನೋವಿರುವವರಿಗೆ ಸೈಕಲ್ ಒಳ್ಳೆಯದು. ಪಕ್ಕದವರೊಂದಿಗೆ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಶ್ರಮ ಅಷ್ಟಿದ್ದರೆ ಸರಿ. ಕೊನೆಗೆ ಹತ್ತು ಹದಿನೈದು ನಿಮಿಷ ಬಲವರ್ಧಕ ವ್ಯಾಯಾಮ: ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಕೈಯೊತ್ತಿ ಮೈಯನ್ನು ಹಿಂದೆ ಮುಂದೆ ಮಾಡುವುದು, ರಬ್ಬರ್ ಪಟ್ಟಿ ಎಳೆಯುವುದು, ಒಂದೆರಡು ಕಿಲೋದ ಡಂಬೆಲ್ ಎತ್ತುವುದು. ಒಂದೊಂದನ್ನೂ ಹತ್ತು ಸಲ ಮಾಡಿ, ಸ್ವಲ್ಪ ವಿಶ್ರಮಿಸಿ ಮತ್ತೊಂದು ಸುತ್ತು. ಉಸಿರು ಬಿಗಿಹಿಡಿಯಬೇಡಿ. ಬಲವರ್ಧಕ ವ್ಯಾಯಾಮದ ಎರಡು ದಿನಗಳ ನಡುವೆ ಒಂದು ದಿನ ಬಿಡುವಿರಲಿ. ಎರಡು ವಾರಗಳಿಗೊಮ್ಮೆ ಸ್ವಲ್ಪವೇ ಭಾರ ಏರಿಸಿ.

ಜಿಮ್ ದೂರವಿದ್ದರೆ, ಶುಲ್ಕ ಹೊಂದದಿದ್ದರೆ ನಿರಾಶರಾಗಬೇಡಿ. ಒಂದು ಲೀಟರ್ ನೀರು ತುಂಬಿದ ಬಾಟಲಿ ಒಂದು ಕಿಲೋದ ಡಂಬೆಲ್ ಆಗುತ್ತದೆ. ಕುರ್ಚಿಯೂ ಗೋಡೆಯೂ ಎಲ್ಲರ ಮನೆಯಲ್ಲಿವೆ. ಸವಳಂಗ ರಸ್ತೆಯಂತಹ ವಾಹನ ದಟ್ಟಣೆಯ ರಸ್ತೆಯ ಅಂಚಿನಲ್ಲಿ ನಡೆಯುವ ಬದಲು ಬಡಾವಣೆಯ ಒಳರಸ್ತೆಗಳಲ್ಲಿ, ನೆಹರೂ ಕ್ರೀಡಾಂಗಣದಲ್ಲಿ ಅಥವಾ ಹಳೆಯ ಜೈಲಿದ್ದ ಜಾಗದ ಪಾರ್ಕ್‌ನಲ್ಲಿ ಇಬ್ಬರು ಮೂವರು ಸೇರಿ ನಡೆಯಬಹುದು. ಮಲೆನಾಡಿನ ಮಳೆಗಾಲದಲ್ಲಿ ಮನೆಯ ಮೆಟ್ಟಿಲೇ ನಿಮ್ಮ ಜಿಮ್.

ವ್ಯಾಯಾಮದ ವೇಳೆ ಎದೆ ನೋವು, ವಿಪರೀತ ಉಸಿರಾಟದ ತೊಂದರೆ, ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಅಥವಾ ಕಪ್ಪು ಮಲ ಕಂಡುಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಅವುಗಳಲ್ಲಿ ಕೆಲವು ಕಿರಿದಾದ ಜಠರದಲ್ಲಿ ಹುಣ್ಣು ಮಾಡುತ್ತವೆ.

ತಟ್ಟೆಯಲ್ಲಿ ಏನಿರಬೇಕು?

ಪ್ರೋಟೀನ್ ಇಲ್ಲದೆ ಮಾಡಿದ ವ್ಯಾಯಾಮ ಇಟ್ಟಿಗೆಯಿಲ್ಲದೆ ಗೋಡೆ ಕಟ್ಟಿದಂತೆ. ಶಸ್ತ್ರಚಿಕಿತ್ಸೆಯಾದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿ ಮಾಂಸದಲ್ಲಿ 25 ಗ್ರಾಂಗೂ ಹೆಚ್ಚು, ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ ಇರುತ್ತದೆ. ಮೀನು, ಬೇಳೆ, ಕಡಲೆ, ಪನ್ನೀರ್, ಮೊಸರು ಎಲ್ಲವೂ ಒಳ್ಳೆಯವೇ. ತಿನ್ನುವಾಗ ಮೊದಲು ಪ್ರೋಟೀನ್, ನಂತರ ತರಕಾರಿ, ಕೊನೆಗೆ ಜಾಗವಿದ್ದರೆ ಅನ್ನ ರೊಟ್ಟಿ. ಬಿರಿಯಾನಿಯ ದಿನವೂ ಹಾಗೆಯೇ, ಮೊದಲು ಮಾಂಸದ ತುಂಡು. ಚೆನ್ನಾಗಿ ಅಗಿದು ನಿಧಾನವಾಗಿ ತಿನ್ನಿ. ನೀರನ್ನು ಊಟದ ಜೊತೆ ಕುಡಿಯದೆ, ಊಟವಾಗಿ ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಿರಿ. ಜಿಮ್‌ಗೆ ಹೋಗುವ ಒಂದು ಗಂಟೆ ಮೊದಲು ಒಂದು ಮೊಟ್ಟೆಯೋ ಸ್ವಲ್ಪ ಮೊಸರೋ ಹೊಟ್ಟೆಗಿರಲಿ.

ನಮಾಝ್ ಮತ್ತು ರಮಝಾನ್

ಐದು ಹೊತ್ತು ನಮಾಝ್ ಮಾಡುವವರಿಗೆ ಬೇರೆ ವ್ಯಾಯಾಮ ಬೇಕೇ ಎಂದು ಕೇಳುವವರಿದ್ದಾರೆ. ನಮಾಝ್ ಆರಾಧನೆ, ಅದನ್ನು ವ್ಯಾಯಾಮದ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ಅದರಿಂದ ಕೀಲುಗಳು ಸಡಿಲವಾಗುತ್ತವೆ, ಆದರೆ ಕರಗಿದ ಮಾಂಸಖಂಡ ಮರಳಿ ಬೆಳೆಯಲು ಬೇಕಾದ ಭಾರ ಅದರಲ್ಲಿಲ್ಲ. ಆರಂಭದ ವಾರಗಳಲ್ಲಿ ಬಗ್ಗಿದರೆ ನೋವಾಗುವವರು, ಹುಳಿತೇಗು ಬರುವವರು ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಬಹುದು. ಮುಂದೆ ಸಜ್ದಾದಿಂದ ಆಸರೆಯಿಲ್ಲದೆ ಎದ್ದು ನಿಲ್ಲುವ ಶಕ್ತಿ ತೊಡೆಗೆ ಬರುವುದು ಆ ಕುರ್ಚಿಯ ವ್ಯಾಯಾಮದಿಂದಲೇ.

ಶಸ್ತ್ರಚಿಕಿತ್ಸೆಯಾದ ಮೊದಲ ವರ್ಷದಲ್ಲಿ ರಮಝಾನ್ ಬಂದರೆ ಉಪವಾಸದ ಬಗ್ಗೆ ವೈದ್ಯರನ್ನು ಕೇಳದೆ ನಿರ್ಧರಿಸಬೇಡಿ. ಇಡೀ ದಿನದ ನೀರನ್ನು ಇಫ್ತಾರ್ ಮತ್ತು ಸಹ್ರಿಯ ನಡುವೆ ಕುಡಿದು ಮುಗಿಸಲು ಆ ಪುಟ್ಟ ಹೊಟ್ಟೆಗೆ ಆಗುವುದಿಲ್ಲ. ರೋಗಿಗಳಿಗೆ ಇಸ್ಲಾಮಿನಲ್ಲಿ ರಿಯಾಯಿತಿಯಿದೆ, ಬಿಟ್ಟ ಉಪವಾಸಗಳನ್ನು ನಂತರ ಪೂರೈಸಬಹುದು. ವೈದ್ಯರು ಅನುಮತಿ ಕೊಟ್ಟವರು ವ್ಯಾಯಾಮವನ್ನು ಇಫ್ತಾರ್ ಆಗಿ ಒಂದೆರಡು ಗಂಟೆಯ ನಂತರ ಇಟ್ಟುಕೊಳ್ಳಲಿ. ಸಮೋಸ ಮತ್ತು ಸಿಹಿ ಶರಬತ್ತಿನಿಂದ ದೂರವಿರಲಿ. ಸಿಹಿ ನೇರವಾಗಿ ಕರುಳಿಗಿಳಿದು ಎದೆ ಬಡಿತ, ಬೆವರು, ಭೇದಿ ಆಗುವುದುಂಟು.

ಮನೆಯವರಿಗೆ ಎರಡು ಮಾತು

ಕೆಲವು ವಾರ ತೂಕದ ಯಂತ್ರದ ಮುಳ್ಳು ಕದಲದೆ ನಿಲ್ಲುತ್ತದೆ. ಆಗ "ಜಿಮ್‌ಗೆ ಹೋಗಿ ಏನು ಬಂತು" ಎನ್ನಬೇಡಿ. ಜೋತ ಚರ್ಮ ವ್ಯಾಯಾಮದಿಂದ ಪೂರ್ತಿ ಹೋಗುವುದಿಲ್ಲ, ಮೂರನೇ ತಿಂಗಳಿನಿಂದ ಕೂದಲು ಉದುರುವುದೂ ಸಾಮಾನ್ಯ. ಹೆಚ್ಚಿನವರಿಗೆ ಕೂದಲು ಮತ್ತೆ ಬರುತ್ತದೆ. ಇವನ್ನು ಕಂಡು ಆಕೆಯನ್ನು ಮರುಕದಿಂದ ನೋಡಬೇಡಿ. ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ಗರ್ಭ ಧರಿಸದಿರಲು ವೈದ್ಯರು ಹೇಳಿರುತ್ತಾರೆ. ಆ ಮಾತನ್ನು ಪತಿಯೂ ಪಾಲಿಸಬೇಕು.

ಮೆಟ್ಟಿಲು ಹತ್ತುವಾಗ ಈಗ ಎಷ್ಟು ಸಲ ನಿಲ್ಲುತ್ತಾಳೆ, ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾಳೆ, ಸೊಂಟದ ಸುತ್ತಳತೆ ಎಷ್ಟಾಯಿತು ಎಂಬುದನ್ನು ತಿಂಗಳಿಗೊಮ್ಮೆ ಬರೆದಿಡಿ. ಮಕ್ಕಳಿಗೆ ಆ ಕೆಲಸ ಕೊಟ್ಟರೆ ಸಂತೋಷದಿಂದ ಮಾಡುತ್ತಾರೆ. ವಾರಕ್ಕೆ ಮೂರು ದಿನ ಆ ಒಂದು ಗಂಟೆ ಅಡುಗೆಮನೆಯನ್ನೂ ಮಕ್ಕಳನ್ನೂ ಯಾರು ನೋಡಿಕೊಳ್ಳುತ್ತಾರೆ ಎಂದು ಇಂದೇ ಕುಳಿತು ತೀರ್ಮಾನಿಸಿ. ಜಿಮ್‌ನ ಶುಲ್ಕಕ್ಕಿಂತ ಆಕೆಗೆ ಹೆಚ್ಚಾಗಿ ಬೇಕಾಗಿರುವುದು ಆ ಗಂಟೆ.