ಪುಟ್ಟಿ ಹಾಕಿದ್ರೆ ಅದು ರಿಪೇರಿ ಅಲ್ಲ (ಬೊಂಬೆ ಊರಿನ ಲೆಕ್ಕ, ಭಾಗ 4)

ಸೊಟ್ಟಗೆ ಅಂಟಿದ ಕಾಲಿಗೆ ಪುಟ್ಟಿ ಮೆತ್ತಿ, ಉಪ್ಪುಕಾಗದ ಹಾಕಿ ಉಜ್ಜಿ, ‘ಹ್ಯಾಂಡ್‌ಮೇಡ್ ಅಂದ್ರೆ ಹೀಗೇನೇ ಸಾರ್’ ಅಂತ ಮಾರೋದನ್ನ ನಿಲ್ಲಿಸಬೇಕು. ಕೈಕೆಲಸದಲ್ಲಿ ಒಂದು ಪೀಸ್ ಇನ್ನೊಂದರ ಥರ ಇರಲ್ಲ, ಅದು ಚೆಂದ. ಕಾಲು ಸೊಟ್ಟ ಇರೋದು ಚೆಂದ ಅಲ್ಲ, ತಪ್ಪು.

ಮೊದಲನೇ ಫೋಟೋ ನೋಡಿ. ಮಕ್ಕಳ ಸ್ಟೂಲು. ಆಲೆ ಮರ, ಲೇತ್‌ನಲ್ಲಿ ತಿರುಗಿಸಿದ ನಾಲ್ಕು ಕಾಲು, ಅರಗಿನ ಬಣ್ಣ. ಮಿರಮಿರ ಹೊಳೀತಿದೆ. ಈಗ ಸ್ವೈಪ್ ಮಾಡಿ, ಅದನ್ನೇ ಮಗುಚಿ ತೆಗೆದ ಫೋಟೋ. ಒಂದು ಕಾಲಿನ ಗೂಟ ತೂತಿನೊಳಗೆ ವಾಲಿಕೊಂಡು ಅಂಟಿದೆ. ಸಂದಿಗೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಿದಾರೆ. ಅಲ್ಲಾಡಬಾರದು ಅಂತ ಕಾಲಿನ ತುದಿ ಉಜ್ಜಿ ಸಮ ಮಾಡಿದಾರೆ. ಕಣ್ಣಿಗೆ ಸರಿಹೋಯ್ತು. ಆದ್ರೆ ಬಿಳಿ ಅಂಟು ಗಟ್ಟಿಯಾಗಿ ಹಿಡಿಯೋದು ಮರಕ್ಕೆ ಮರ ಒತ್ತಿ ಕೂತಾಗ. ದೊಡ್ಡ ಸಂದಿ ತುಂಬೋ ಶಕ್ತಿ ಅದಕ್ಕಿಲ್ಲ. ಮಗು ಹತ್ತಿ ಇಳಿದಾಗಲೆಲ್ಲ ಭಾರ ಓರೆಯಾಗಿ ಬಿದ್ದು ಅದೇ ಜಾಯಿಂಟ್ ಸಡಿಲ ಆಗುತ್ತೆ. ಒಂದಿನ ಕಾಲು ಕಿತ್ತು ಬರುತ್ತೆ, ಮೇಲೆ ಮಗು ಇರುತ್ತೆ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ, ತಪ್ಪು ಸಿಗೋವರೆಗೆ ಮಾತ್ರ. ಪುಟ್ಟಿ ಅನ್ನೋದು ಯಾರೂ ಕ್ಲೋಸ್ ಮಾಡದ ಸಸ್ಪೆನ್ಸ್ ಅಕೌಂಟು.

ಸರಿ ಮಾಡೋದು ಅಂದ್ರೆ ಬಿಚ್ಚೋದು. ಅಂಟು ಹಸಿ ಇದ್ರೆ ಐದು ನಿಮಿಷದ ಕೆಲಸ: ಕೊಡತಿಯಲ್ಲಿ ಮೆಲ್ಲಗೆ ತಟ್ಟಿ, ನೇರ ಮಾಡಿ, ಒದ್ದೆ ಬಟ್ಟೇಲಿ ಒರೆಸಿ, ಕ್ಲ್ಯಾಂಪ್ ಹಾಕಿದ್ರೆ ಮುಗೀತು. ಒಣಗಿದ್ಮೇಲೆ ಕಷ್ಟ. ಬೇರೆ ಕಡೆ ಬಡಗಿಗಳು ಹಬೆ ಕೊಡ್ತಾರೆ, ಬಿಸಿಗೆ ಬಿಳಿ ಅಂಟು ಮೆತ್ತಗಾಗುತ್ತೆ. ನಮ್ಮ ಬಣ್ಣದ ಕಾಲಿಗೆ ಅದು ನಡೆಯಲ್ಲ. ಅರಗು ಲೇತ್ ಮೇಲೆ ತಿಕ್ಕಿದ ಬಿಸಿಗೇ ಕರಗಿ ಮರಕ್ಕೆ ಹತ್ತೋ ವಸ್ತು. ಹಬೆ ಹಿಡಿದ್ರೆ ಬಣ್ಣ ಕೆಡುತ್ತೆ. ಅದಕ್ಕೇ ಅಡಿಯಿಂದ ಸಣ್ಣ ತೂತು ಕೊರೆದು, ಸಿರಿಂಜಲ್ಲಿ ವಿನೆಗರ್ ಬಿಟ್ಟು, ಗಂಟೆಗಟ್ಟಲೆ ಕಾದು, ಕಾಲು ತಿರುಗಿಸಿ ಎಳೀಬೇಕು. ಬರಲಿಲ್ವಾ, ಗೂಟ ಕೊಯ್ದು, ತೂತು ಮತ್ತೆ ಕೊರೆದು, ಹೊಸ ಗೂಟ ಮಾಡಿ ಕೂರಿಸಬೇಕು. ಹಳೇ ಅಂಟನ್ನ ಪೂರ್ತಿ ಕೆರೆದು, ಮರ ಒಣಗಲು ಬಿಟ್ಟು, ಆಮೇಲೆ ಹೊಸ ಅಂಟು. ಒಣಗಿದ ಅಂಟಿನ ಮೇಲೆ ಹೊಸದು ಹಿಡಿಯಲ್ಲ.

‘ಒಂದು ಸ್ಟೂಲಿಗೆ ಇಷ್ಟು ಹೊತ್ತು ಹಾಕಿದ್ರೆ ಹೊಟ್ಟೆಗೇನು?’ ಅಂತೀರಾ. ನ್ಯಾಯವಾದ ಪ್ರಶ್ನೆ. ಆ ಹೊತ್ತನ್ನ ಯಾರ ಲೆಕ್ಕಕ್ಕೆ ಬರೀತೀರಿ ಅನ್ನೋದೇ ವಿಷಯ. ನನಗೆ ಗೊತ್ತಿರೋ ಒಂದು ಕಡೆ, ಹೆಸರು ಬೇಡ, ಪೀಸ್ ರೇಟು. ಬಿಚ್ಚಿ ಅಂಟಿಸಿದ ಹೊತ್ತಿಗೆ ಕೂಲಿ ಇಲ್ಲ. ಪೀಸ್ ವಾಪಸ್ ಬಂದ್ರೆ ಶನಿವಾರದ ಬಟವಾಡೆಯಲ್ಲಿ ‘ಡ್ಯಾಮೇಜ್’ ಅಂತ ಕಟ್. ಅಲ್ಲಿ ಕೆಲಸ ಮಾಡೋ ಅಣ್ಣ ಪುಟ್ಟಿ ಹಾಕದೆ ಇನ್ನೇನು ಮಾಡ್ತಾನೆ? ಅವನನ್ನ ಬೈಬೇಡಿ. ರೇಟು ಕಟ್ಟಿದೋರನ್ನ ಕೇಳಿ.

ನಮ್ಮ ಕಾಸ್ಟ್ ಅಕೌಂಟಿಂಗ್ ಪಾಠದಲ್ಲಿ ಇದಕ್ಕೆ ಉತ್ತರ ಇದೆ. ಕೆಲಸದಲ್ಲಿ ಸಹಜವಾಗಿ ಆಗೋದು ನಾರ್ಮಲ್ ಲಾಸ್, ಅದು ಒಳ್ಳೇ ಪೀಸುಗಳ ಬೆಲೆಗೆ ಸೇರುತ್ತೆ. ಅದಕ್ಕಿಂತ ಜಾಸ್ತಿ ಆದ್ರೆ ಅಬ್‌ನಾರ್ಮಲ್ ಲಾಸ್, ಅದು ವ್ಯಾಪಾರದ ಲಾಭ ನಷ್ಟದ ಖಾತೆಗೆ ಹೋಗುತ್ತೆ. ಕೂಲಿಯವನ ಜೇಬಿಂದ ಕಳೀರಿ ಅನ್ನೋ ಮೂರನೇ ದಾರಿ ನಾನು ಓದಿದ ಪುಸ್ತಕದಲ್ಲಿ ಇಲ್ಲ.

ಜಿಐ ಟ್ಯಾಗ್ 2005-06ರಲ್ಲೇ ಬಂತು. ಅದು ‘ಚನ್ನಪಟ್ಟಣ’ ಅನ್ನೋ ಹೆಸರನ್ನ ಕಾಯುತ್ತೆ, ಜಾಯಿಂಟನ್ನ ಕಾಯಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು, ಕಾರುಗಳು ಊರ ಹೊರಗಿಂದಲೇ ಹೋಗ್ತಾವೆ. ಅಂಗಡಿಗೆ ಬಂದು ಮಗುಚಿ ನೋಡದ ಗಿರಾಕಿಗೆ ಸಿಗೋದು ಫೋಟೋ ಮಾತ್ರ. ಆ ಫೋಟೋದಲ್ಲಿ ಹೊಳಪು ಕಾಣುತ್ತೆ, ಗೂಟ ಕಾಣಲ್ಲ.

ಮಾಲೀಕರೇ, ಅಂಟು ಹಾಕೋ ಮುಂಚೆ ಒಂದ್ಸಲ ಒಣದಾಗೇ ಜೋಡಿಸಿ ನೋಡೋ ಹೊತ್ತಿಗೂ, ಬಿಚ್ಚಿ ಕೂರಿಸೋ ಹೊತ್ತಿಗೂ ಕೂಲಿ ಕೊಡಿ. ಬೆಲೆ ಸ್ವಲ್ಪ ಏರಿದ್ರೆ ಏರಲಿ. ಗಿರಾಕಿಗಳೇ, ಚೌಕಾಸಿಗೆ ಮುಂಚೆ ಒಂದೇ ಮಾತು ಕೇಳಿ: ‘ಅಡಿ ಭಾಗದ ಫೋಟೋ ಕಳಿಸ್ತೀರಾ?’

ಮನೇಲಿ ನಮ್ಮೂರ ಸ್ಟೂಲು ಇದ್ರೆ ಈಗಲೇ ಮಗುಚಿ ನೋಡಿ, ಕಾಮೆಂಟಲ್ಲಿ ಹೇಳಿ.

#ಚನ್ನಪಟ್ಟಣ #ಆಲೆಮರ #ಬಟವಾಡೆ #ಬೊಂಬೆಊರಿನಲೆಕ್ಕ