ಕೀಬೋರ್ಡ್ ಅಂದ್ರೆ ಟೈಪಿಂಗ್ ಅಲ್ಲ ಸ್ವಾಮಿ

ಗಿಟಾರ್ ಸೋಲೋಗೆ ಕಣ್ಣು ಮುಚ್ಚಿ ತಲೆಯಾಡಿಸೋ ಜನ, ಕೀಬೋರ್ಡ್ ಸೋಲೋ ಶುರುವಾದ ಕೂಡಲೇ ಜೇಬಿಂದ ಮೊಬೈಲ್ ತೆಗೀತಾರೆ. ಯಾಕೆ ಅಂದ್ರೆ ಸಿದ್ಧ ಉತ್ತರ: 'ಗಿಟಾರ್ ಅಳುತ್ತೆ ಗುರು, ಕೀಬೋರ್ಡ್ ಟೈಪ್ ಮಾಡುತ್ತೆ.' ದಿನಕ್ಕೆ ಹತ್ತು ಗಂಟೆ ಟೈಪ್ ಮಾಡಿಯೇ ಹೊಟ್ಟೆ ಹೊರೆಯುವ ನನಗೆ ಈ ಮಾತು ಕೇಳಿದ್ರೆ ಮೈ ಉರಿಯುತ್ತೆ.

ನಿಜ ಇರೋದನ್ನ ಮೊದಲು ಒಪ್ಪಿಬಿಡೋಣ. ಗಿಟಾರಿನಲ್ಲಿ ಬೆರಳು ತಂತಿಯ ಮೇಲೇ ಇರುತ್ತೆ. ಸ್ವರ ಹುಟ್ಟಿದ ಮೇಲೂ ಅದನ್ನ ಎಳೀಬಹುದು, ನಡುಗಿಸಬಹುದು, ಜಾರಿಸಬಹುದು. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರೀತು ಅಂದ್ರೆ ಮುಗೀತು, ಆ ಸ್ವರ ಇನ್ನು ಬಗ್ಗಲ್ಲ.

ಈ ತಕರಾರು ನಮ್ಮಲ್ಲೂ ಹಳೇದೇ. ಮೀಂಡ್, ಗಮಕ ನುಡಿಸೋಕಾಗಲ್ಲ ಅಂತ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ಅಲ್ಲೀತನಕ ಹಾರ್ಮೋನಿಯಂ ಸತ್ತು ಹೋಗಿತ್ತಾ? ನಾಟಕ ಕಂಪನಿಗಳಲ್ಲಿ, ನಮ್ಮಂಥವರ ಊರಿನ ಭಜನೆಗಳಲ್ಲಿ ಅದು ನುಡೀತಾನೇ ಇತ್ತು. ಬೆಳಗಾವಿಯ ಪಂಡಿತ್ ರಾಮಭಾವು ವಿಜಾಪುರೆಯಂಥವರು ದೊಡ್ಡ ದೊಡ್ಡ ಗಾಯಕರಿಗೆ ಅದರಲ್ಲೇ ಸಾಥ್ ಕೊಟ್ಟರು. ಸ್ವರ ಜಾರಲ್ಲ, ಸರಿ. ಆದ್ರೆ ಎಡಗೈಯಲ್ಲಿ ತಿದಿ ಇದೆಯಲ್ಲ! ಗಾಳಿ ಹಿಡಿದು ಬಿಟ್ಟು ಅದೇ ಸ್ವರವನ್ನ ಉಬ್ಬಿಸಬಹುದು, ಪಿಸುಗುಟ್ಟಿಸಬಹುದು.

ಇನ್ನು ಸಿಂಥಸೈಜರಿಗೆ ಬಂದ್ರೆ ಆ ಜಾರೋ ತಕರಾರೂ ನಿಲ್ಲಲ್ಲ. 1970ರ ಹೊತ್ತಿಗೆ ಬಂದ ಮಿನಿಮೂಗ್‌ನಲ್ಲಿ ಕೀಗಳ ಎಡಕ್ಕೆ ಒಂದು ಪುಟ್ಟ ಚಕ್ರ ಇತ್ತು, ಪಿಚ್ ವೀಲ್. ತಿರುಗಿಸಿದ್ರೆ ಸ್ವರ ಬಗ್ಗುತ್ತೆ, ಗಿಟಾರ್ ತಂತಿ ಎಳೆದ ಹಾಗೇ. ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಯಾನ್ ಹ್ಯಾಮರ್ ಬಲಗೈಯಲ್ಲಿ ನುಡಿಸುತ್ತಾ, ಎಡಗೈಯಲ್ಲಿ ಆ ಚಕ್ರ ಹಿಡಿದು ಜಾನ್ ಮೆಕ್‌ಲಾಫ್ಲಿನ್‌ನ ಗಿಟಾರಿಗೆ ಸರಿಸಮ ಉತ್ತರ ಕೊಟ್ಟ. ಮುಂದೆ ಗಿಟಾರ್ ದೈತ್ಯ ಜೆಫ್ ಬೆಕ್ ತನ್ನ 1976ರ 'ವೈರ್ಡ್' ಆಲ್ಬಮ್ಮಿಗೆ ಕರೆಸಿಕೊಂಡಿದ್ದು ಇದೇ ಹ್ಯಾಮರ್‌ನನ್ನ. ಅದರಲ್ಲಿನ 'ಬ್ಲೂ ವಿಂಡ್' ಕಟ್ಟಿದ್ದೂ ಅವನೇ.

ಅಲ್ರೀ, ಭಾವನೆ ಅಂದ್ರೆ ಬರೀ ಅಳೋದಾ? ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಹ್ಯಾಮಂಡ್ ಆರ್ಗನ್ನನ್ನ ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿಗೇ ಸಿಕ್ಕಿಸಿ ನುಡಿಸಿದ. ಅದು ಅಳಲ್ಲ, ಗುಟುರು ಹಾಕುತ್ತೆ.

ಆದ್ರೆ ಕೆಟ್ಟ ಹೆಸರು ತಂದವರಲ್ಲಿ ನಮ್ಮ ಕೀಬೋರ್ಡಿನವರೂ ಇದ್ದಾರೆ, ಅದನ್ನೂ ಹೇಳ್ಬೇಕು. ನೂರಾರು ಟೋನ್ ಇರೋ ವಾದ್ಯ ಕೊಳ್ತಾರೆ, ಕೊಳಲಿನ ಟೋನ್ ಹಾಕ್ತಾರೆ, ಆದ್ರೆ ಕೊಳಲಿನವನು ಎಲ್ಲಿ ಉಸಿರು ತಗೋತಾನೆ ಅಂತ ಒಂದು ದಿನವೂ ಗಮನಿಸಲ್ಲ. ಬಲಗೈ ಓಡ್ತಾ ಇರುತ್ತೆ, ಪಿಚ್ ವೀಲ್ ಮೇಲೆ ಧೂಳು. ಬ್ಯಾಂಡಿನ ಗಿಟಾರಿಸ್ಟ್ 'ನೀನು ಹಿಂದೆ ಕಾರ್ಡ್ ಹಿಡ್ಕೊಂಡಿರು ಸಾಕು' ಅಂದ್ರೆ ಅದಕ್ಕೂ ತಲೆಯಾಡಿಸ್ತಾರೆ!

ಇವತ್ತು ಕ್ಯಾಬಿನಲ್ಲಿ ಮನೆಗೆ ಹೋಗೋವಾಗ 'ಬ್ಲೂ ವಿಂಡ್' ಹಾಕಿ. ವಿಡಿಯೋ ಬೇಡ, ಹೆಡ್‌ಫೋನ್ ಸಾಕು. ಯಾವ ಸಾಲು ಬೆಕ್‌ದು, ಯಾವುದು ಹ್ಯಾಮರ್‌ದು ಅಂತ ಹೇಳ್ತಾ ಹೋಗಿ ನೋಡೋಣ.