ಓಝೋನ್ ತೂತು ಎಲ್ಲಿ ಹೋಯ್ತು?

ಈ ವರ್ಷ ನಮ್ಮ ಶಾಲೆಯಲ್ಲಿ ನನ್ನ ಪಾಲಿಗೆ ಬಂದದ್ದು ಗಾದೆಗಳ ತರಗತಿ. ಒಂದು ಭಾನುವಾರ 'ಎಲ್ಲರ ಮನೆ ದೋಸೆಯೂ ತೂತೇ' ಅನ್ನೋ ಗಾದೆ ಹೇಳಿಕೊಡುತ್ತಿದ್ದೆ. ತೂತು ಅಂದ್ರೆ ಏನು ಗೊತ್ತಾ ಅಂತ ಕೇಳಿದ್ದಕ್ಕೆ ಎಂಟು ವರ್ಷದ ಹುಡುಗನೊಬ್ಬ "ಓಝೋನ್ ತೂತು!" ಅಂದ. ಮೆಲ್ಬರ್ನ್ ಮಕ್ಕಳಲ್ವಾ, 'ಟೋಪಿ ಇಲ್ಲದಿದ್ರೆ ಆಟ ಇಲ್ಲ' ಅನ್ನೋ ನಿಯಮದಲ್ಲೇ ಬೆಳೆದವರು. ಆಮೇಲೆ ಅವನೇ ಕೇಳಿದ: "ಅಂಕಲ್, ಅದು ಈಗ ಎಲ್ಲಿ ಹೋಯ್ತು? ಅಪ್ಪ ಸ್ಕೂಲಲ್ಲಿದ್ದಾಗ ಎಲ್ಲರೂ ತುಂಬಾ ಹೆದರಿಸ್ತಿದ್ರಂತೆ. ಕೊನೆಗೆ ಏನೂ ಆಗ್ಲಿಲ್ವಂತೆ."

ಈ ಮಾತನ್ನು ನಮ್ಮ ಶಾಲೆಯ ಕಾಫಿ ಮೇಜಿನ ಸುತ್ತ ದೊಡ್ಡವರ ಬಾಯಲ್ಲೂ ಕೇಳಿದ್ದೇನೆ. "ಆವತ್ತು ಓಝೋನ್ ಅಂದ್ರು, ಈವತ್ತು ಇನ್ನೊಂದು ಅಂತಾರೆ. ಎಲ್ಲಾ ಕಂಪ್ಯೂಟರ್ ಮಾಡೆಲ್ ಲೆಕ್ಕ ಸ್ವಾಮಿ!" ನನಗೆ ಇದು ಸರಿ ಅನ್ನಿಸುವುದಿಲ್ಲ. ತರಗತಿಯ ಹತ್ತು ನಿಮಿಷದಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಟೋಪಿ ವಿಷಯ ಮುಗಿಸಿಬಿಡೋಣ. ಆಸ್ಟ್ರೇಲಿಯಾದ ಬಿಸಿಲು ಇಷ್ಟು ಸುಡೋದಕ್ಕೆ ಮುಖ್ಯ ಕಾರಣ ಆ ತೂತಲ್ಲ. ನಾವು ಭೂಮಧ್ಯ ರೇಖೆಗೆ ಹತ್ತಿರ ಇದ್ದೇವೆ, ಆಕಾಶ ತಿಳಿಯಾಗಿರುತ್ತೆ, ಜನವರಿಯಲ್ಲಿ ಭೂಮಿಯೂ ಸೂರ್ಯನಿಗೆ ಸ್ವಲ್ಪ ಹತ್ತಿರ ಇರುತ್ತೆ. 'ಸ್ಲಿಪ್ ಸ್ಲಾಪ್ ಸ್ಲ್ಯಾಪ್' ಜಾಹೀರಾತು ಶುರುವಾದದ್ದು 1981ರಲ್ಲಿ, ಓಝೋನ್ ತೂತಿನ ಸುದ್ದಿ ಹೊರಬಿದ್ದದ್ದು 1985ರಲ್ಲಿ. ಹಾಗಂತ ಟೋಪಿ ತೆಗೀಬೇಡಿ ಮಕ್ಕಳೇ!

ಓಝೋನ್ ನಮ್ಮ ತಲೆಯ ಮೇಲೆ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಹೆಚ್ಚಾಗಿ ಇರುವ ಅನಿಲ. ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವುದು ಇದೇ. ಅಷ್ಟನ್ನೂ ನೆಲದ ಮಟ್ಟಕ್ಕೆ ತಂದು ಹರಡಿದರೆ ಬರೀ 3 ಮಿಲಿಮೀಟರ್ ದಪ್ಪ ಆಗುತ್ತೆ, ಒಂದು ದೋಸೆಯಷ್ಟು. ಫ್ರಿಜ್ಜಿನಲ್ಲೂ ಸ್ಪ್ರೇ ಡಬ್ಬಿಗಳಲ್ಲೂ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳು ಅಲ್ಲಿಯವರೆಗೆ ಏರಿ, ಒಡೆದು, ಕ್ಲೋರಿನ್ ಬಿಡುಗಡೆ ಮಾಡುತ್ತವೆ, ಅದು ಓಝೋನನ್ನು ತಿನ್ನುತ್ತೆ ಅಂತ 1974ರಲ್ಲೇ ಮೊಲಿನಾ ಮತ್ತು ರೋಲೆಂಡ್ ಹೇಳಿದರು.

ಎಷ್ಟು ತಿನ್ನುತ್ತೆ? ಅದನ್ನು ತಿಳಿಯೋಕೆ ಕಂಪ್ಯೂಟರ್ ಬೇಕಾಯ್ತು. ವಾತಾವರಣವನ್ನು ಡಬ್ಬಿ ಡಬ್ಬಿಯಾಗಿ ಭಾಗ ಮಾಡಿಕೊಳ್ಳಿ. ಪ್ರತಿ ಡಬ್ಬಿಯಲ್ಲಿ ಉಷ್ಣತೆ ಎಷ್ಟು, ಬಿಸಿಲು ಎಷ್ಟು, ಯಾವ ಅನಿಲ ಎಷ್ಟು ಅಂತ ಬರೆದಿಡಿ. ಸ್ವಲ್ಪ ಹೊತ್ತಾದ ಮೇಲೆ ಏನಾಗಿರುತ್ತೆ ಅಂತ ಲೆಕ್ಕ ಹಾಕಿ, ಪಕ್ಕದ ಡಬ್ಬಿಗೆ ಏನು ಹೋಯ್ತು ನೋಡಿ, ಮತ್ತೆ ಲೆಕ್ಕ ಹಾಕಿ. ಮಾಡೆಲ್ ಅಂದ್ರೆ ಇಷ್ಟೇ, ಆದರೆ ಇದನ್ನು ಕೋಟಿಗಟ್ಟಲೆ ಸಲ ಮಾಡಬೇಕು. ಆಗಿನ ಮಾಡೆಲ್‌ಗಳ ಪ್ರಕಾರ ಓಝೋನ್ ಹತ್ತಾರು ವರ್ಷಗಳಲ್ಲಿ ನಿಧಾನವಾಗಿ ಕಡಿಮೆಯಾಗಬೇಕಿತ್ತು, ಅದೂ ಹೆಚ್ಚಾಗಿ 40 ಕಿಲೋಮೀಟರ್ ಎತ್ತರದಲ್ಲಿ.

ಆಗಿದ್ದೇ ಬೇರೆ. 1985ರಲ್ಲಿ ಬ್ರಿಟಿಷ್ ಅಂಟಾರ್ಕ್‌ಟಿಕ್ ಸರ್ವೇಯ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು ತಮ್ಮ ಹ್ಯಾಲಿ ಕೇಂದ್ರದ ಅಳತೆಗಳನ್ನು ಪ್ರಕಟಿಸಿದರು. ಅಕ್ಟೋಬರ್ ತಿಂಗಳಲ್ಲಿ ಮೊದಲು ಸುಮಾರು 300 ಡಾಬ್ಸನ್ ಯೂನಿಟ್ ಇದ್ದ ಓಝೋನ್ 200ಕ್ಕಿಂತ ಕೆಳಗೆ ಇಳಿದಿತ್ತು. ಯಾವ ಮಾಡೆಲ್ಲೂ ಇದನ್ನು ಹೇಳಿರಲಿಲ್ಲ. ಅದೇ ಹೊತ್ತಿಗೆ ನಾಸಾದ ಉಪಗ್ರಹವೂ ಮೇಲಿಂದ ಅಳೆಯುತ್ತಿತ್ತು. 180ಕ್ಕಿಂತ ಕಡಿಮೆ ಬಂದ ಅಂಕಿಗಳಿಗೆ ಅದರ ಸಾಫ್ಟ್‌ವೇರ್ 'ಅನುಮಾನ' ಅಂತ ಗುರುತು ಹಾಕುತ್ತಿತ್ತು. ಕಂಪ್ಯೂಟರ್ ಆ ಅಂಕಿಗಳನ್ನು ಎಸೆದುಬಿಟ್ಟಿತು ಅಂತ ಕಥೆ ಹೇಳೋರಿದ್ದಾರೆ. ಎಸೆದಿರಲಿಲ್ಲ, ಗುರುತು ಮಾತ್ರ ಹಾಕಿತ್ತು, ವಿಜ್ಞಾನಿಗಳು ಪರಿಶೀಲಿಸುತ್ತಲೂ ಇದ್ದರು. ಆದರೂ ಇದನ್ನು ಓದಿದಾಗ ನನಗೆ ಸ್ವಲ್ಪ ಬೆವರಿತು. 'ಇಷ್ಟು ಕಮ್ಮಿ ಬರೋಕೆ ಸಾಧ್ಯವೇ ಇಲ್ಲ' ಅಂತ ನಾನೂ ಎಷ್ಟು ಸಲ ಕೋಡ್ ಬರೆದಿಲ್ಲ!

ಮಾಡೆಲ್ ಯಾಕೆ ತಪ್ಪಿತು? ಅದರ ಕೂಡೋ ಕಳೆಯೋ ಲೆಕ್ಕ ಸರಿಯಾಗೇ ಇತ್ತು. ಅದರೊಳಗೆ ಹಾಕಬೇಕಾದ್ದೊಂದನ್ನು ಹಾಕಿರಲಿಲ್ಲ. ಅಂಟಾರ್ಕ್‌ಟಿಕಾದ ಚಳಿಗಾಲದಲ್ಲಿ ಅಷ್ಟೆತ್ತರದಲ್ಲಿ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದು ಮೋಡಗಳು ಕಟ್ಟುತ್ತವೆ. ಬೇರೆ ಸಂಯುಕ್ತಗಳಲ್ಲಿ ಸುಮ್ಮನೆ ಸಿಕ್ಕಿಕೊಂಡಿದ್ದ ಕ್ಲೋರಿನ್ ಈ ಮೋಡದ ಕಣಗಳ ಮೇಲೆ ಬಿಡುಗಡೆಗೆ ಸಿದ್ಧವಾಗುತ್ತೆ. ವಸಂತದಲ್ಲಿ ಬಿಸಿಲು ಬಿದ್ದ ಕೂಡಲೇ ಓಝೋನ್ ಮೇಲೆ ಎರಗುತ್ತೆ. ಮಾಡೆಲ್‌ಗಳಲ್ಲಿ ಅನಿಲ-ಅನಿಲಗಳ ಕ್ರಿಯೆ ಮಾತ್ರ ಇತ್ತು, ಮೋಡ ಇರಲಿಲ್ಲ. ಸೂಸನ್ ಸಾಲೊಮನ್ ಮತ್ತು ಸಂಗಡಿಗರು 1986ರಲ್ಲಿ ಇದನ್ನು ಹೇಳಿದರು. ಅದೇ ವರ್ಷ ಆಕೆ ತಂಡ ಕಟ್ಟಿಕೊಂಡು ಅಂಟಾರ್ಕ್‌ಟಿಕಾಕ್ಕೆ ಹೋಗಿ ಅಳೆದರು. ಮರುವರ್ಷ ವಿಮಾನಗಳು ಆ ತೂತಿನೊಳಗೇ ಹಾರಿದವು. ಕ್ಲೋರಿನ್ ಮೊನಾಕ್ಸೈಡ್ ಏರಿದ ಕಡೆಯಲ್ಲೆಲ್ಲ ಓಝೋನ್ ಇಳಿದಿತ್ತು. ಮೋಡ ಸೇರಿಸಿದ ಮೇಲೆ ಕಂಪ್ಯೂಟರಿನಲ್ಲೂ ತೂತು ಕಾಣಿಸಿಕೊಂಡಿತು.

'ನೋಡಿ, ಮಾಡೆಲ್ ತಪ್ಪಿತ್ತು' ಅನ್ನೋರು ಒಂದನ್ನು ಮರೀತಾರೆ. ಅದು ಹೇಳಬೇಕಾದ್ದಕ್ಕಿಂತ ಕಡಿಮೆ ಹೇಳಿತ್ತು, ಜಾಸ್ತಿ ಹೆದರಿಸಿರಲಿಲ್ಲ. ಮತ್ತೆ, ಅಳತೆಗೂ ಲೆಕ್ಕಕ್ಕೂ ಅಷ್ಟು ವ್ಯತ್ಯಾಸ ಬಂದಿದ್ದರಿಂದಲೇ ನಮಗೆ ಏನೋ ಗೊತ್ತಿಲ್ಲ ಅನ್ನೋದು ತಿಳಿದದ್ದು. ಈಗ ಮಕ್ಕಳು ಹೋಮ್‌ವರ್ಕಿಗೂ ಕಂಪ್ಯೂಟರನ್ನೇ ಕೇಳ್ತಾರೆ. 'ಅದು ಸರಿಯಾ ತಪ್ಪಾ' ಅನ್ನೋದಕ್ಕಿಂತ 'ಅದರೊಳಗೆ ಏನು ಹಾಕಿದ್ದಾರೆ, ಏನು ಬಿಟ್ಟಿದ್ದಾರೆ' ಅಂತ ಕೇಳೋದನ್ನು ನಾವು ಕಲಿಸಬೇಕು ಅಂತ ನನಗನ್ನಿಸುತ್ತೆ.

ಇನ್ನು 'ಏನೂ ಆಗ್ಲಿಲ್ಲ' ಅನ್ನೋ ಮಾತು. ಯಾಕೆ ಆಗಲಿಲ್ಲ? 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್‌ನಲ್ಲಿ ಒಪ್ಪಂದ ಆಯ್ತು, ಮುಂದೆ ಪ್ರಪಂಚದ ಎಲ್ಲ ದೇಶಗಳೂ ಸೇರಿದವು, ಸಿಎಫ್‌ಸಿ ತಯಾರಿಕೆ ನಿಂತಿತು. ನಾಸಾದ ಪಾಲ್ ನ್ಯೂಮನ್ ಮತ್ತು ತಂಡದವರು 2009ರಲ್ಲಿ ಒಂದು ವಿಚಿತ್ರ ಲೆಕ್ಕ ಹಾಕಿದರು. ಆ ಒಪ್ಪಂದ ಆಗದೇ ಹೋಗಿದ್ದರೆ? ಅವರ ಮಾಡೆಲ್ ಪ್ರಕಾರ 2020ರ ಹೊತ್ತಿಗೆ ಪ್ರಪಂಚದ ಓಝೋನಿನಲ್ಲಿ ಶೇಕಡ 17, 2065ಕ್ಕೆ ಮೂರರಲ್ಲಿ ಎರಡು ಪಾಲು ಹೋಗಿರುತ್ತಿತ್ತು. ವಾಷಿಂಗ್ಟನ್‌ನಂಥ ಊರಲ್ಲಿ ಐದೇ ನಿಮಿಷದ ಬಿಸಿಲಿಗೆ ಚರ್ಮ ಸುಡುತ್ತಿತ್ತು. ನಡೆಯದೇ ಹೋದದ್ದನ್ನು ತೋರಿಸೋಕೆ ಮಾಡೆಲ್ ಬಿಟ್ಟರೆ ಬೇರೆ ದಾರಿ ಇಲ್ಲ. ನಾನು ಕೆಲಸಕ್ಕೆ ಸೇರಿದ್ದು ವೈಟೂಕೆ ಮುಗಿದ ವರ್ಷ. ರಾತ್ರಿಯೆಲ್ಲ ಕೂತು ತಾರೀಕು ಸರಿಪಡಿಸಿದ ನನ್ನ ಸೀನಿಯರ್‌ಗಳಿಗೂ ಜನ ಹೀಗೇ ಅಂದಿದ್ದರು, "ಏನೂ ಆಗ್ಲಿಲ್ವಲ್ರೀ!" ಮಕ್ಕಳ ಮುಂದೆ ನಾವು ಹಾಗೆ ಅಂದರೆ, ಕಷ್ಟಪಟ್ಟು ತಪ್ಪಿಸಿದವರ ಕೆಲಸ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಆ ತೂತು ಎಲ್ಲೂ ಹೋಗಿಲ್ಲ. ಪ್ರತಿ ವರ್ಷ ಆಗಸ್ಟ್-ಸೆಪ್ಟೆಂಬರಿನಲ್ಲಿ ತೆರೆದುಕೊಂಡು ವರ್ಷದ ಕೊನೆಗೆ ಮುಚ್ಚಿಕೊಳ್ಳುತ್ತೆ. ಎಲ್ಲರೂ ಒಪ್ಪಂದದಂತೆ ನಡೆದರೆ ಅಂಟಾರ್ಕ್‌ಟಿಕಾದ ಓಝೋನ್ 1980ರಲ್ಲಿ ಇದ್ದ ಮಟ್ಟಕ್ಕೆ ಬರೋದು ಸುಮಾರು 2066ಕ್ಕೆ ಅಂತ 2022ರ ವಿಶ್ವಸಂಸ್ಥೆ ವರದಿ ಹೇಳುತ್ತೆ. ಅದೂ ಮಾಡೆಲ್ ಲೆಕ್ಕವೇ.

ಮುಂದಿನ ಭಾನುವಾರ ಇದನ್ನು ಆ ಹುಡುಗನಿಗೆ ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ "ಆಗ ನನಗೆ ನಲವತ್ತೊಂಬತ್ತು" ಅಂದ. ನಲವತ್ತೊಂಬತ್ತು ಅನ್ನೋದು ಈ ತರಗತಿಯಲ್ಲಿ ಎಲ್ಲರೂ ತಡವರಿಸುವ ಸಂಖ್ಯೆ, ಅವನು ತಡವರಿಸಲಿಲ್ಲ. "ನಿಮಗೆ ಈಗ ಎಷ್ಟು ಅಂಕಲ್?" ಅಂತ ಕೇಳಿದ. ನಲವತ್ತೇಳು ಅಂದೆ. "ಹಂಗಾದ್ರೆ ನಾನೇ ದೊಡ್ಡೋನು!" ಅಂತ ನಗುತ್ತಾ ಟೋಪಿ ಎತ್ತಿಕೊಂಡು ಆಡೋಕೆ ಓಡಿದ.